ನಾಲ್ಕು ಹಾಡು ಗೊತ್ತಿದ್ದರೆ ಸಾಕು, ಬರಿ

ಪ್ರೀತಿಯ ತಮ್ಮಾ,

ನಿನ್ನ ಪತ್ರ ಬಂತು. ಮುಂದಿನ ವಾರ ಒಬ್ಬ ಹಿರಿಯ ರಾಕ್ ಗಾಯಕನ ಸೋಲೋ ಕಾನ್ಸರ್ಟ್‌ಗೆ ಹೋಗುತ್ತಿದ್ದೀಯ, ಅದರ ಬಗ್ಗೆ ಬರೆಯಬೇಕು ಅಂತ ಆಸೆ. ಆದರೆ ಆತನ ಹಾಡುಗಳಲ್ಲಿ ನಿನಗೆ ಗೊತ್ತಿರುವುದು ನಾಲ್ಕು. ಆ ನಾಲ್ಕೂ ಆತ ಹಳೇ ಬ್ಯಾಂಡಿನಲ್ಲಿದ್ದಾಗಿನವು. 'ಇಷ್ಟು ಕಮ್ಮಿ ಗೊತ್ತಿರುವವನು ಬರೆಯಬಹುದಾ? ಈ ಒಂದು ವಾರದಲ್ಲಿ ಎಲ್ಲ ಆಲ್ಬಮ್ ಕೇಳಿ, ಒಂದೆರಡು ಜೀವನಚರಿತ್ರೆ ಓದಿ ತಯಾರಾಗಿಬಿಡುತ್ತೇನೆ' ಅಂತಲೂ ಸೇರಿಸಿದ್ದೀಯ.

ಬರೆಯಬಹುದು. ಆ ತಯಾರಿ ಮಾತ್ರ ಬೇಡ.

ಒಂದು ವಾರ ಓದಿದರೆ ನೀನು ಕಟ್ಟಾ ಅಭಿಮಾನಿ ಆಗುವುದಿಲ್ಲ, ಅಭಿಮಾನಿಯ ವೇಷ ಹಾಕಿದವನಾಗುತ್ತೀಯ. ಮೂವತ್ತು ವರ್ಷದಿಂದ ಆ ಹಾಡುಗಳ ಜೊತೆ ಬದುಕಿದವರಿಗೆ ಎರಡನೇ ಪ್ಯಾರಾದಲ್ಲೇ ಅದು ಗೊತ್ತಾಗುತ್ತದೆ. ಉಳಿದ ಓದುಗರಿಗೆ ನೀನು ಕಲೆಹಾಕಿದ ಮಾಹಿತಿ ಬೇಕಾಗಿಯೇ ಇಲ್ಲ. ಯಾವ ಹಾಡಾದ ಮೇಲೆ ಯಾವ ಹಾಡು ಬಂತು ಅನ್ನುವ ಪಟ್ಟಿ ನೀನು ಮನೆ ಸೇರುವುದರೊಳಗೆ ಅಂತರ್ಜಾಲದಲ್ಲಿ ಇರುತ್ತದೆ. ಅದನ್ನೇ ಕೆಲಸ ಮಾಡಿಕೊಂಡವರು ಇದ್ದಾರೆ, ಅವರು ಚೆನ್ನಾಗಿಯೇ ಮಾಡುತ್ತಾರೆ. ಅವರ ಹತ್ತಿರ ಇಲ್ಲದ್ದು ಒಂದೇ. ಮುಂದಿನ ಹಾಡು ಯಾವುದು ಅಂತ ನಿಜವಾಗಿ ಗೊತ್ತಿಲ್ಲದ ಕಿವಿ. ಅದು ನಿನ್ನ ಹತ್ತಿರ ಇದೆ. ಅದನ್ನು ಸುಮ್ನೆ ಕಳೆದುಕೊಳ್ಳಬೇಡ.

ಹಾಗಂತ ಬರಿಗೈಲಿ ಹೋಗು ಅಂತಲ್ಲ. ಆತ ಯಾವ ಬ್ಯಾಂಡಿನಲ್ಲಿದ್ದ, ಯಾವಾಗ ಹೊರಬಂದ, ಜೊತೆಯವರಲ್ಲಿ ಯಾರಿದ್ದಾರೆ, ಯಾರು ತೀರಿಕೊಂಡಿದ್ದಾರೆ, ಈಗ ಬಂದಿರುವ ಹೊಸ ಆಲ್ಬಮ್ ಯಾವುದು. ಇಷ್ಟು ಸಾಕು. ಅರ್ಧ ಗಂಟೆಯ ಕೆಲಸ. ಇಷ್ಟೂ ಗೊತ್ತಿಲ್ಲದಿದ್ದರೆ ಆ ಸಂಜೆ ಯಾಕೆ ಹಾಗೆ ಕಟ್ಟಿಕೊಂಡಿದೆ ಅನ್ನುವುದೇ ತಿಳಿಯುವುದಿಲ್ಲ. ಇದಕ್ಕಿಂತ ಜಾಸ್ತಿ ಆದರೆ ಕಿವಿ ಕೇಳುವುದನ್ನು ಬಿಟ್ಟು ಪರೀಕ್ಷೆ ಬರೆಯಲು ಕೂರುತ್ತದೆ. ಹಿಂದಿನ ಊರುಗಳಲ್ಲಿ ಏನೇನು ಹಾಡಿದ ಅಂತ ನೋಡಲೇಬೇಡ.

ಈಗ ನನಗೆ ಜಾಸ್ತಿ ಹೇಳಬೇಕಿರುವ ವಿಷಯಕ್ಕೆ ಬರುತ್ತೇನೆ. ಸೋಲೋ ಅಂತ ಕರೆದರೂ ಇಂಥ ಕಾನ್ಸರ್ಟ್ ಒಬ್ಬನದ್ದಾಗಿರುವುದೇ ಇಲ್ಲ. ಪೋಸ್ಟರಿನಲ್ಲಿ ಒಂದು ಹೆಸರು. ಜನ ಬಂದಿರುವುದು ನಾಲ್ಕೈದು ಜನ ಸೇರಿ ಮಾಡಿದ ಹಾಡುಗಳಿಗೆ. ಆ ನಾಲ್ಕೈದು ಜನರಲ್ಲಿ ಒಬ್ಬನೇ ಎದುರಿಗೆ ನಿಂತಿದ್ದಾನೆ. ಉಳಿದವರ ಜಾಗವನ್ನು ಏನು ಮಾಡುತ್ತಾನೆ? ಇಡೀ ಸಂಜೆಯ ಕುತೂಹಲ ಇರುವುದು ಅಲ್ಲಿ.

'ಕಂಫರ್ಟಬ್ಲಿ ನಂಬ್' ಹಾಡನ್ನು ನೀನು ಕೇಳಿರುತ್ತೀಯ, ಅಲ್ವಾ? ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 1979ರ 'ದ ವಾಲ್' ಆಲ್ಬಮ್‌ನದ್ದು. ಅದರ ಚರಣಗಳನ್ನು ಹಾಡಿದ್ದು ರೋಜರ್ ವಾಟರ್ಸ್. ಪಲ್ಲವಿ ಹಾಡಿದ್ದು, ಆ ಪ್ರಸಿದ್ಧ ಗಿಟಾರ್ ಸೋಲೋ ನುಡಿಸಿದ್ದು ಡೇವಿಡ್ ಗಿಲ್ಮೋರ್. 1985ರಲ್ಲಿ ವಾಟರ್ಸ್ ಪಿಂಕ್ ಫ್ಲಾಯ್ಡ್ ಬಿಟ್ಟರು. ಅಲ್ಲಿಂದ ಆ ಹಾಡು ಎರಡು ಮನೆಗಳಿಗೆ ಪಾಲಾಯಿತು. ಗಿಲ್ಮೋರ್ ಕಾನ್ಸರ್ಟ್‌ನಲ್ಲಿ ಚರಣಕ್ಕೆ ಬೇರೆ ದನಿ ಬೇಕು. 2006ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಒಂದು ರಾತ್ರಿ ಡೇವಿಡ್ ಬೋವಿ ಬಂದು ಹಾಡಿದರು. ಹತ್ತು ವರ್ಷದ ನಂತರ ಅದೇ ಸಭಾಂಗಣದಲ್ಲಿ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಹಾಡಿದರು. ಅತ್ತ ವಾಟರ್ಸ್ ಕಾನ್ಸರ್ಟ್‌ನಲ್ಲಿ ಪಲ್ಲವಿಗೆ, ಗಿಟಾರಿಗೆ ಬೇರೆಯವರು. 2011ರ ಮೇ 12ರಂದು ಮಾತ್ರ ಲಂಡನ್ನಿನ ಓ2 ಸಭಾಂಗಣದಲ್ಲಿ, 'ದ ವಾಲ್' ಪ್ರದರ್ಶನಕ್ಕೆಂದು ವೇದಿಕೆಯಲ್ಲಿ ಕಟ್ಟುವ ದೊಡ್ಡ ಗೋಡೆಯ ಮೇಲೆ ಸ್ವತಃ ಗಿಲ್ಮೋರ್ ನಿಂತು ನುಡಿಸಿದರು. 2022ರ ಪ್ರವಾಸದ ಹೊತ್ತಿಗೆ ವಾಟರ್ಸ್ ಆ ಗಿಟಾರ್ ಸೋಲೋವನ್ನೇ ತೆಗೆದುಹಾಕಿ, ಹಾಡನ್ನು ಮಂದವಾಗಿ, ಕತ್ತಲೆ ಕವಿದ ಹಾಗೆ ಬದಲಿಸಿದ್ದರು.

ಇಷ್ಟೆಲ್ಲ ಯಾಕೆ ಹೇಳಿದೆ ಗೊತ್ತಾ? ಈ ಹಾಡನ್ನು ಬರೀ ಆಲ್ಬಮ್‌ನಲ್ಲಿ ಕೇಳಿದವನೊಬ್ಬ ಇಂಥ ಕಾನ್ಸರ್ಟ್‌ಗೆ ಹೋದ ಅಂದುಕೊ. ಚರಣ ಶುರುವಾದ ಕೂಡಲೇ ಅವನಿಗೆ 'ಇದ್ಯಾಕೋ ಬೇರೆ ಥರ ಇದೆ' ಅನ್ನಿಸುತ್ತದೆ. ಕಾರಣ ಗೊತ್ತಿಲ್ಲ, ಆದರೆ ಅನ್ನಿಸಿದ್ದು ನಿಜ. ಎಲ್ಲ ತಿಳಿದ ಅಭಿಮಾನಿಗೆ ಆ ಅನ್ನಿಸಿಕೆ ಹುಟ್ಟುವ ಮೊದಲೇ ಅದರ ವಿವರಣೆ ಸಿದ್ಧ ಇರುತ್ತದೆ. ನೆಂಟರ ಮನೆಗೆ ಮೊದಲ ಸಲ ಹೋದವನಿಗೆ ಆ ಮನೆಯ ಹಳೇ ಜಗಳ ಗೊತ್ತಿರುವುದಿಲ್ಲ. ಆದರೆ ಯಾರು ಯಾರ ಜೊತೆ ಮಾತಾಡುತ್ತಿಲ್ಲ ಅನ್ನುವುದು ಎಲ್ಲರಿಗಿಂತ ಬೇಗ ಅವನ ಕಣ್ಣಿಗೆ ಬೀಳುತ್ತದೆ. ನೀನು ಆ ನೆಂಟ. ಮೊದಲು ಕಣ್ಣಿಗೆ ಬಿದ್ದದ್ದನ್ನು ಬರೆದುಕೊ. ಜಗಳದ ಕತೆ ಆಮೇಲೆ ಓದಿಕೊಂಡರಾಯಿತು. ನಿನ್ನ ಓದು ಕಾನ್ಸರ್ಟ್ ಆದ ಮೇಲೆ ಶುರುವಾಗಲಿ.

ಇದರಲ್ಲೊಂದು ಕೊರತೆಯೂ ಇದೆ. ಹಾಡಿದ್ದರಲ್ಲಿ ವ್ಯತ್ಯಾಸ ಇದ್ದರೆ ನಿನಗೆ ಕೇಳಿಸುತ್ತದೆ. ಹಾಡದೇ ಬಿಟ್ಟದ್ದು ಕೇಳಿಸುವುದಿಲ್ಲ. ಮತ್ತೆ ಗಿಲ್ಮೋರ್ ಅವರನ್ನೇ ನೋಡು. 1971ರಲ್ಲಿ ಪಿಂಕ್ ಫ್ಲಾಯ್ಡ್ ಇಟಲಿಯ ಪಾಂಪೆಯಲ್ಲಿ, ಪುರಾತನ ರೋಮನ್ ಬಯಲು ರಂಗದಲ್ಲಿ, ಪ್ರೇಕ್ಷಕರೇ ಇಲ್ಲದೆ ನುಡಿಸಿ ಸಿನಿಮಾ ಮಾಡಿತ್ತು. ಅಲ್ಲಿ ನುಡಿಸಿದ್ದರಲ್ಲಿ ದೊಡ್ಡದು 'ಎಕೋಸ್'. ಇಪ್ಪತ್ತು ನಿಮಿಷಕ್ಕೂ ಉದ್ದದ ಹಾಡು. ಗಿಲ್ಮೋರ್ ಮತ್ತು ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಇಬ್ಬರೂ ದನಿ ಸೇರಿಸಿ ಹಾಡಿದ್ದು. 2006ರ ಸೋಲೋ ಪ್ರವಾಸಕ್ಕೂ ರೈಟ್ ಜೊತೆಗಿದ್ದರು, ಆಗಲೂ ಅದನ್ನು ನುಡಿಸಿದರು. 2008ರಲ್ಲಿ ರೈಟ್ ತೀರಿಕೊಂಡರು. 2016ರ ಜುಲೈಯಲ್ಲಿ ಗಿಲ್ಮೋರ್ ಅದೇ ಪಾಂಪೆಗೆ ವಾಪಸ್ ಹೋಗಿ ಎರಡು ರಾತ್ರಿ ಕಾನ್ಸರ್ಟ್ ಕೊಟ್ಟರು. ಈ ಸಲ ಪ್ರೇಕ್ಷಕರಿದ್ದರು. 'ಎಕೋಸ್' ಇರಲಿಲ್ಲ. ರೈಟ್ ಇಲ್ಲದೆ ಅದನ್ನು ನುಡಿಸುವುದು ಅವರಿಗೆ ಬೇಡವಾಗಿತ್ತು.

ನಾಲ್ಕು ಹಾಡು ಗೊತ್ತಿರುವವನು ಆ ರಾತ್ರಿ ಅಲ್ಲಿ ಕೂತಿದ್ದರೆ ಏನೂ ಕೊರತೆ ಕಾಣದೆ ಖುಷಿಯಾಗಿ ಎದ್ದು ಬರುತ್ತಿದ್ದ. ಇದಕ್ಕೆ ಪುಸ್ತಕ ಓದುವುದಕ್ಕಿಂತ ಸುಲಭದ ದಾರಿ ಇದೆ. ಪಕ್ಕದಲ್ಲಿ ಕೂತವರನ್ನು ಕೇಳು. 'ನಿಮಗೆ ಯಾವ ಹಾಡು ಇಷ್ಟ' ಅಂತ ಕೇಳಬೇಡ, ಅದಕ್ಕೆ ಎಲ್ಲರ ಉತ್ತರವೂ ಒಂದೇ ಥರ ಇರುತ್ತದೆ. 'ಇವತ್ತು ಯಾವ ಹಾಡು ಬರುವುದಿಲ್ಲ ಅಂತ ನಿಮಗೆ ಗೊತ್ತು?' ಅಂತ ಕೇಳು. ಹಳೇ ಅಭಿಮಾನಿ ಎಷ್ಟು ಹೊತ್ತು ಮಾತಾಡುತ್ತಾರೆ ನೋಡು. ಬರೆಯುವಾಗ ಅದು ಅವರಿಂದ ತಿಳಿದದ್ದು ಅಂತಲೇ ಬರಿ. ನಿನ್ನ ತಿಳಿವಳಿಕೆ ಅನ್ನುವ ಹಾಗೆ ಸೇರಿಸಿಕೊಳ್ಳಬೇಡ.

ಇಲ್ಲದವರನ್ನು ವೇದಿಕೆಗೆ ಕರೆತರುವ ಇನ್ನೊಂದು ಬಗೆಯೂ ಇದೆ. 2022ರ ಜೂನ್‌ನಲ್ಲಿ ಬೀಟಲ್ಸ್ ಬ್ಯಾಂಡಿನಲ್ಲಿದ್ದ ಪಾಲ್ ಮೆಕಾರ್ಟ್ನಿ ಇಂಗ್ಲೆಂಡಿನ ದೊಡ್ಡ ಸಂಗೀತೋತ್ಸವ ಗ್ಲಾಸ್ಟನ್‌ಬರಿಯಲ್ಲಿ ಹಾಡಿದಾಗ ಅವರಿಗೆ ಎಂಬತ್ತು ತುಂಬಿ ಒಂದು ವಾರವಾಗಿತ್ತು. 1969ರ ಜನವರಿಯಲ್ಲಿ ಬೀಟಲ್ಸ್ ಕಟ್ಟಡದ ಮಾಳಿಗೆಯ ಮೇಲೆ ನುಡಿಸಿದ್ದರಲ್ಲ, ಆ ಹಳೇ ಚಿತ್ರೀಕರಣದಿಂದ ಈಗ ಇಲ್ಲದ ಜೊತೆಗಾರ ಜಾನ್ ಲೆನನ್ ದನಿಯನ್ನಷ್ಟೇ ಬೇರ್ಪಡಿಸಿ ಕೊಟ್ಟಿದ್ದು ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡ. ಪರದೆಯ ಮೇಲೆ ಲೆನನ್ ಹಾಡುತ್ತಾರೆ, ಕೆಳಗೆ ಮೆಕಾರ್ಟ್ನಿ ಜೊತೆಗೂಡುತ್ತಾರೆ. ಆ ಹೊತ್ತಿನಲ್ಲಿ ಮೆಕಾರ್ಟ್ನಿ ಜನರಿಗೆ ಬೆನ್ನು ಹಾಕಿ ಪರದೆಯ ಕಡೆ ತಿರುಗಿ ನಿಲ್ಲುತ್ತಾರೆ. ನನ್ನನ್ನು ಕೇಳಿದರೆ, ಆ ತಂತ್ರಜ್ಞಾನದ ಬಗ್ಗೆ ಒಂದು ಸಾಲು ಸಾಕು. ಬೆನ್ನು ಹಾಕಿದ್ದರ ಬಗ್ಗೆ ಒಂದು ಪ್ಯಾರಾ ಬರೆಯಬಹುದು. ಅದನ್ನು ಗಮನಿಸಲು ಬೀಟಲ್ಸ್ ಚರಿತ್ರೆ ಬೇಡ, ಕಣ್ಣು ಸಾಕು.

ದನಿಯ ವಿಷಯಕ್ಕೆ ಬರೋಣ. ಇಲ್ಲಿ ಹೊಸಬರು ಎರಡೂ ಕಡೆ ಜಾರುತ್ತಾರೆ. ಕೆಲವರು 'ಈ ವಯಸ್ಸಿನಲ್ಲೂ ಹುಡುಗನ ಥರ ಹಾಡಿದರು' ಅಂತ ಬರೆಯುತ್ತಾರೆ. ಅದು ಹೆಚ್ಚು ಸಲ ಸುಳ್ಳು. ಇನ್ನು ಕೆಲವರು 'ದನಿ ಹೋಗಿದೆ' ಅಂತ ಎರಡು ಪದದಲ್ಲಿ ಮುಗಿಸುತ್ತಾರೆ. ಅದು ಸೋಮಾರಿತನ. ವಯಸ್ಸಾದಂತೆ ಧ್ವನಿತಂತುಗಳ ಸ್ನಾಯು ತೆಳುವಾಗುತ್ತದೆ, ಮೊದಲಿನ ಹಾಗೆ ಬಾಗುವುದಿಲ್ಲ. ಉಸಿರು ಹಿಡಿಯುವ ಶಕ್ತಿ ಕಮ್ಮಿಯಾಗುತ್ತದೆ. ಮೇಲಿನ ಸ್ವರ ಕಷ್ಟವಾಗುತ್ತದೆ. ಎಲ್ಟನ್ ಜಾನ್ ಅವರ ದನಿ 1987ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ಕೆಳಗಿಳಿಯಿತು. ಹಳೇ ಹಾಡುಗಳ ಎತ್ತರದ ಸ್ವರಗಳನ್ನು ಬೇರೆ ದಾರಿಯಲ್ಲಿ ದಾಟುತ್ತಾ ಅವರು ಆಮೇಲೂ ದಶಕಗಳ ಕಾಲ ಹಾಡಿದರು.

ಆ ಬೇರೆ ದಾರಿಗಳನ್ನು ಹಿಡಿ. ಹಾಡಿನ ಶ್ರುತಿಯನ್ನೇ ಇಳಿಸಿರಬಹುದು. ಎತ್ತರದ ಸಾಲು ಬಂದಾಗ ಹಿಂದೆ ನಿಂತ ಗಾಯಕಿಯರು ಮುಂದೆ ಬರಬಹುದು. ಮೈಕನ್ನು ಜನರತ್ತ ಚಾಚಿ ಪಲ್ಲವಿಯನ್ನು ಅವರಿಂದಲೇ ಹಾಡಿಸಬಹುದು. ಜನ ಅದನ್ನು ಪ್ರೀತಿ ಅಂದುಕೊಳ್ಳುತ್ತಾರೆ, ಅದು ಪ್ರೀತಿಯೂ ಹೌದು, ಆ ನಾಲ್ಕು ಸಾಲು ಗಂಟಲಿಗೆ ಬಿಡುವೂ ಹೌದು. ಸಾಲನ್ನು ಎಳೆಯುವ ಬದಲು ತುಂಡು ಮಾಡಿ ಮಾತಿನ ಹಾಗೆ ಹೇಳಬಹುದು. ಗಿಟಾರ್ ಸೋಲೋ ಯಾಕೋ ಉದ್ದವಾಯಿತು ಅನ್ನಿಸಿದರೆ ಗಾಯಕ ಆಗ ಏನು ಮಾಡುತ್ತಿದ್ದಾನೆ ನೋಡು. ನೀರು ಕುಡಿಯುತ್ತಿರುತ್ತಾನೆ. ಕಾಲ ಬುಡದಲ್ಲಿ ಸಾಹಿತ್ಯ ತೋರಿಸುವ ಪರದೆ ಇದ್ದರೆ ಅದನ್ನು ಹಗರಣ ಮಾಡಬೇಡ. ಐವತ್ತು ವರ್ಷದ ಹಾಡುಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡು ಎರಡು ಗಂಟೆ ನಿಲ್ಲುವುದು ಸುಲಭದ ಮಾತಲ್ಲ.

ಈ ವಿಷಯದಲ್ಲಿ ನೀನು ಕಟ್ಟಾ ಅಭಿಮಾನಿಗಿಂತ ಮುಂದಿದ್ದೀಯ. ಅವರು ಆತನ ದನಿ ವರ್ಷ ವರ್ಷವೂ ಬದಲಾಗುವುದನ್ನು ಕೇಳುತ್ತಲೇ ಬಂದಿದ್ದಾರೆ. ಅವರಿಗೆ ಬದಲಾವಣೆ ಅಷ್ಟಾಗಿ ಕಾಣುವುದಿಲ್ಲ. ನಿನ್ನ ಕಿವಿಯಲ್ಲಿ ಇರುವುದು ಆತ ಇಪ್ಪತ್ತೇಳರ ವಯಸ್ಸಿನಲ್ಲಿ ಸ್ಟುಡಿಯೋದಲ್ಲಿ ಹಾಡಿದ್ದು. ಅಲ್ಲಿಂದ ನೇರವಾಗಿ ಎಪ್ಪತ್ತೆಂಟಕ್ಕೆ ಬರುತ್ತೀಯ. ಆ ಜಿಗಿತವನ್ನು ಬರಿ. ಯಾವ ಪದದಲ್ಲಿ ದನಿ ಒಡೆಯಿತು, ಯಾವ ಪದದಲ್ಲಿ ಹಳೇ ದನಿ ಒಂದು ಕ್ಷಣ ಬಂದು ಹೋಯಿತು. ಕರುಣೆ ಬೇಡ, ಲೇವಡಿಯೂ ಬೇಡ.

ಇನ್ನು ಹೊಸ ಹಾಡುಗಳು. ಹಳೇ ಹಾಡು ಶುರುವಾದರೆ ಮೊಬೈಲುಗಳೆಲ್ಲ ಹೊತ್ತಿಕೊಂಡು ನಕ್ಷತ್ರಗಳ ಹಾಗೆ ಕಾಣುತ್ತದೆ, ಹೊಸದು ಹಾಡಿದರೆ ಎದುರಿಗೆ ಕಪ್ಪು ರಂಧ್ರ ಅಂತ ಮೆಕಾರ್ಟ್ನಿ ತಮಾಷೆ ಮಾಡುವುದುಂಟು. ಆದರೂ ಹೊಸದನ್ನು ಹಾಡುವುದು ಬಿಟ್ಟಿಲ್ಲ. ನಿನ್ನ ಪಾಡು ಇನ್ನೂ ವಿಚಿತ್ರ. ಕಳೆದ ವರ್ಷದ ಹಾಡೂ ನಿನಗೆ ಹೊಸದು, 1975ರ ಹಾಡೂ ಹೊಸದು. ಯಾವುದು ಯಾವುದು ಅಂತ ಹಾಡಿನಿಂದ ಗೊತ್ತಾಗುವುದಿಲ್ಲ. ಸಭಾಂಗಣದಿಂದ ಗೊತ್ತಾಗುತ್ತದೆ. ಮೊದಲ ಎರಡು ಸ್ವರಕ್ಕೇ ಯಾರು ಎದ್ದು ನಿಂತರು? ಯಾರು ಇದೇ ಸಮಯ ಅಂತ ಶೌಚಾಲಯಕ್ಕೆ ಹೊರಟರು? ವೇದಿಕೆಯ ಮೇಲಿನ ಹುಡುಗ ಡ್ರಮ್ಮರ್ ಯಾವ ಹಾಡಿಗೆ ನಗುತ್ತಾ ನುಡಿಸಿದ, ಯಾವುದಕ್ಕೆ ಸುಮ್ನೆ ಡ್ಯೂಟಿ ಮಾಡಿದ? ಕೆಲವೊಮ್ಮೆ ಮುದುಕ ಗಾಯಕನ ಮುಖ ಅರಳುವುದು ಜನಕ್ಕೆ ಬೇಡವಾದ ಹೊಸ ಹಾಡಿನಲ್ಲೇ. ಅದು ಕಂಡರೆ ಬಿಡಬೇಡ.

ಆದರೆ ಜನ ಯಾಕೆ ಹಾಗೆ ಮಾಡಿದರು ಅಂತ ಬರೆಯುವ ಮುಂಚೆ ಒಂದು ನಿಮಿಷ ನಿಲ್ಲು. 1971ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಳೇ ರಾಕ್ ತಾರೆಯರ ಕಾನ್ಸರ್ಟ್ ಇತ್ತು. ಅವರಲ್ಲೊಬ್ಬ ಗಾಯಕ ರಿಕ್ ನೆಲ್ಸನ್ ಉದ್ದ ಕೂದಲು ಬಿಟ್ಟುಕೊಂಡು ಬಂದು ಹೊಸ ಥರದ ಹಾಡುಗಳನ್ನೂ ಹಾಡಿದರು. ಜನರಿಂದ ಛೀಮಾರಿ ಕೇಳಿಬಂತು. ನೊಂದುಕೊಂಡು ವೇದಿಕೆ ಇಳಿದ ನೆಲ್ಸನ್ ಅದರ ಮೇಲೊಂದು ಹಾಡು ಬರೆದರು, 1972ರಲ್ಲಿ ಅದೇ ಅವರಿಗೆ ಮತ್ತೆ ಹೆಸರು ತಂದಿತು. ಆದರೆ ಜನ ಕೂಗಿದ್ದು ಹಾಡಿಗಲ್ಲ, ಹಿಂದೆ ಗಲಾಟೆ ಮಾಡುತ್ತಿದ್ದವರನ್ನು ಪೊಲೀಸರು ಹೊರಹಾಕಿದ್ದಕ್ಕೆ ಅಂತ ಹೇಳುವವರೂ ಇದ್ದಾರೆ. ವೇದಿಕೆಯ ಮೇಲೆ ನಿಂತವರಿಗೇ ಅದು ಖಚಿತವಾಗಿ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ ನಿನಗೆ ಹೇಗೆ ಗೊತ್ತಾಗುತ್ತದೆ? ಕೂಗಿದರು ಅಂತ ಬರಿ. ಯಾವ ಕ್ಷಣದಲ್ಲಿ, ಯಾವ ಕಡೆಯಿಂದ ಅಂತ ಬರಿ. ಹತ್ತು ಸಾವಿರ ಜನರ ಮನಸ್ಸಿನೊಳಗೆ ಹೊಕ್ಕು ಬರೆಯಬೇಡ.

ಬೇಜಾರಾದರೆ ಅದನ್ನೂ ಬರಿ. ಆಗೇ ಆಗುತ್ತದೆ. ಗೊತ್ತಿಲ್ಲದ ಹಾಡು ಸಾಲಾಗಿ ಐದು ಬಂದರೆ ಯಾರಿಗಾದರೂ ಆಕಳಿಕೆ ಬರುತ್ತದೆ. ಆದರೆ ಬೇಜಾರು ನಿನಗೆ ಪರಿಚಯ ಇಲ್ಲದ್ದರಿಂದ ಬಂತಾ, ಅವರು ಸಪ್ಪೆಯಾಗಿ ನುಡಿಸಿದ್ದರಿಂದ ಬಂತಾ? ಮನೆಗೆ ಬಂದ ಮೇಲೆ ಅದೇ ಹಾಡನ್ನು ಆಲ್ಬಮ್‌ನಲ್ಲಿ ಕೇಳು. ಅಲ್ಲಿ ಹಿಡಿಸಿದರೆ ಒಂದು ಮಾತು, ಅಲ್ಲೂ ಹಿಡಿಸದಿದ್ದರೆ ಇನ್ನೊಂದು ಮಾತು.

ಕೈಯಲ್ಲಿ ಏನಿರಬೇಕು ಅಂತಲೂ ನೀನು ಕೇಳಿದ್ದೀಯ. ಚಿಕ್ಕ ನೋಟ್‌ಬುಕ್ ಮತ್ತು ಪೆನ್ನು. ಒಂದು ಹಾಡಿಗೆ ಒಂದು ಸಾಲು, ಕತ್ತಲಲ್ಲಿ ವಕ್ರವಾದರೂ ಪರವಾಗಿಲ್ಲ. ಹಾಡಿನ ಹೆಸರು ಗೊತ್ತಿಲ್ಲದಿದ್ದರೆ 'ಕೆಂಪು ಗಿಟಾರಿನ ಹಾಡು' ಅಂತ ಬರೆದುಕೊ. ಹೆಸರು ಆಮೇಲೆ ಸಿಗುತ್ತದೆ. ಗಿಟಾರ್ ಯಾಕೆ ಮತ್ತೆ ಮತ್ತೆ ಬದಲಾಗುತ್ತದೆ ಅಂತ ಆಶ್ಚರ್ಯ ಪಡಬೇಡ, ಬೇರೆ ಬೇರೆ ಹಾಡಿಗೆ ತಂತಿಗಳ ಶ್ರುತಿ ಬೇರೆ ಇರುತ್ತದೆ, ಒಂದೊಂದು ಗಿಟಾರಿನ ನಾದವೂ ಬೇರೆ. ಪಕ್ಕದಿಂದ ಓಡಿ ಬಂದು ಗಿಟಾರ್ ಕೊಟ್ಟು ಮಾಯವಾಗುವವರನ್ನೂ ಒಂದು ಸಲ ನೋಡು. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡ. ರೆಕಾರ್ಡಿಂಗ್ ಇದೆಯಲ್ಲ ಅಂತ ಮೆದುಳು ರಜೆ ಹಾಕುತ್ತದೆ.

ಕಿವಿಗೆ ಇಯರ್‌ಪ್ಲಗ್ ಇಟ್ಟುಕೊ, ನಾಚಿಕೆ ಬೇಡ. ಇಂಥ ಜಾಗಗಳಲ್ಲಿ ಶಬ್ದದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆ ಮಿತಿಯೇ ಸಣ್ಣದಲ್ಲ. ಸ್ಪಂಜಿನಂಥವು ಮೇಲಿನ ಸ್ವರಗಳನ್ನು ಜಾಸ್ತಿ ನುಂಗುತ್ತವೆ. ಸಂಗೀತಗಾರರಿಗೆಂದೇ ಮಾಡಿದವು ಸಿಕ್ಕರೆ ಒಳ್ಳೆಯದು.

ಭಾಷೆಯ ಬಗ್ಗೆ ಎರಡೇ ಮಾತು. 'ದಂತಕಥೆ', 'ಮಾಂತ್ರಿಕ', 'ಮೈ ಜುಮ್ಮೆಂದಿತು', 'ಕಾಲವೇ ನಿಂತಂತಾಯಿತು' ಇವು ನಿನ್ನ ಬರಹದಲ್ಲಿ ಕಂಡರೆ ನಾನು ಮುಂದೆ ಓದುವುದಿಲ್ಲ. ಹಾಗೆಯೇ 'ನನಗೇನೂ ಗೊತ್ತಿಲ್ಲ, ಕ್ಷಮಿಸಿ' ಅಂತ ಪ್ಯಾರಾಕ್ಕೊಂದು ಸಲ ಹೇಳಬೇಡ. ಒಮ್ಮೆ ಹೇಳು, ಆಮೇಲೆ ಕೆಲಸ ಮಾಡು. ಎಪ್ಪತ್ತರ ದಶಕದ ಬಗ್ಗೆ ಹಳಹಳಿಕೆ ಬೇಡ. ಆಗ ನೀನು ಹುಟ್ಟಿರಲಿಲ್ಲ. ಬಣ್ಣ ಹೋದ ಟೀ ಶರ್ಟ್ ಹಾಕಿಕೊಂಡು ಅಳುತ್ತಿರುವ ಅರವತ್ತರ ಮನುಷ್ಯ ನಿನ್ನ ಪಕ್ಕದಲ್ಲಿದ್ದರೆ ಅವರನ್ನು ತಮಾಷೆಯ ವಸ್ತು ಮಾಡಬೇಡ. ನೀನು ಬಂದಿರುವುದು ಅವರ ಮನೆಗೆ.

ಎನ್‌ಕೋರ್ ಅಂದರೆ ಮುಗಿಸಿ ಒಳಗೆ ಹೋದವರು ಮತ್ತೆ ಬಂದು ಹಾಡುವುದು, ಅದರ ಬಗ್ಗೆಯೂ ಮೋಸ ಹೋಗಬೇಡ. 'ಹೋಗಿ ಬರುತ್ತೇನೆ' ಅಂತ ಕೈ ಬೀಸಿ ಒಳಗೆ ಹೋದರೂ ಸಭಾಂಗಣದ ದೀಪ ಹತ್ತಿಲ್ಲ ಅಂದರೆ ವಾಪಸ್ ಬರುತ್ತಾನೆ ಅಂತಲೇ ಅರ್ಥ. ನನಗೆ ಆ ನಾಟಕ ಅಷ್ಟೇನೂ ಇಷ್ಟವಿಲ್ಲ. ಆದರೆ ನಿನಗೆ ಗೊತ್ತಿರುವ ನಾಲ್ಕರಲ್ಲಿ ಎರಡಾದರೂ ಆ ಕೊನೆಗೇ ಬರುವ ಸಾಧ್ಯತೆ ಜಾಸ್ತಿ. ಬೇಗ ಹೊರಡಬೇಡ.

ಆ ನಾಲ್ಕರಲ್ಲಿ ನಿನಗೆ ತೀರಾ ಇಷ್ಟವಾದದ್ದು ಬರದೇ ಹೋದರೆ? ಅದೂ ಆಗಬಹುದು. ರಾಬರ್ಟ್ ಪ್ಲಾಂಟ್ 2007ರ ಡಿಸೆಂಬರ್‌ನಲ್ಲಿ ತಮ್ಮ ಹಳೇ ಬ್ಯಾಂಡ್ ಲೆಡ್ ಜೆಪ್ಪೆಲಿನ್ ಮತ್ತೆ ಸೇರಿದ ಒಂದು ರಾತ್ರಿ 'ಸ್ಟೇರ್‌ವೇ ಟು ಹೆವನ್' ಹಾಡಿದರು. ಆಮೇಲೆ 2023ರವರೆಗೆ ಅದನ್ನು ವೇದಿಕೆಯ ಮೇಲೆ ಮುಟ್ಟಲಿಲ್ಲ. ನಡುವಿನ ಅಷ್ಟೂ ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. ಬೇರೆ ಬೇರೆ ತಂಡ ಕಟ್ಟಿಕೊಂಡು ಬೇರೆಯದೇ ಸಂಗೀತ ಹಾಡುತ್ತಾ ತಿರುಗುತ್ತಿದ್ದರು. ಹಳೇ ಜೆಪ್ಪೆಲಿನ್ ಹಾಡುಗಳನ್ನು ಹಾಡಿದರೂ ಗುರುತು ಸಿಗದಷ್ಟು ಬದಲಿಸುತ್ತಿದ್ದರು. ಅದೊಂದೇ ಹಾಡಿಗೆ ಟಿಕೆಟ್ ಕೊಂಡವರು ಎಷ್ಟು ಜನ ಬರಿಗೈಲಿ ವಾಪಸ್ ಹೋಗಿರಬಹುದು! ನಿನಗೂ ಹಾಗಾದರೆ ದೂರು ಬರೆಯಬೇಡ. ಬರಲಿಲ್ಲ ಅಂತ ಯಾವಾಗ ಖಾತ್ರಿಯಾಯಿತು, ಅಲ್ಲಿಯವರೆಗೆ ಎಷ್ಟು ಹಾಡುಗಳ ಮೊದಲ ಸ್ವರಕ್ಕೆ 'ಇದೇ ಇರಬೇಕು' ಅಂತ ಬೆನ್ನು ನೆಟ್ಟಗೆ ಮಾಡಿ ಕೂತೆ, ಅದನ್ನು ಬರಿ.

ಮೊದಲ ಕರಡನ್ನು ಮಾರನೇ ದಿನವೇ ಮುಗಿಸು. ಓದುವುದು, ಹೆಸರು ಇಸವಿ ಸರಿ ಇದೆಯಾ ಅಂತ ನೋಡುವುದು ಅದಾದ ಮೇಲೆ. ನನಗೆ ಕಳಿಸುವ ಮೊದಲು ಮೊದಲ ಪ್ಯಾರಾ ಕತ್ತರಿಸಿಬಿಡು. ಅದು ಹೇಗೂ ಟಿಕೆಟ್ ಸಿಕ್ಕಿದ ಕತೆಯೇ ಆಗಿರುತ್ತದೆ.

ಪ್ರೀತಿಯಿಂದ,
ನಿನ್ನ ಅಣ್ಣ